ಎದುರಾಳಿಯ ಮಾತು ಕೇಳಿದ ನಂಬಿಕೆ

ದೇವರನ್ನು ನಂಬುವವನು ಬುದ್ಧಿಯನ್ನು ಬದಿಗಿಡಬೇಕೇ? ಬುದ್ಧಿಯನ್ನು ಹಿಡಿದವನು ದೇವರನ್ನು ಬಿಡಬೇಕೇ? ಈ ಪ್ರಶ್ನೆಗಳು ನಮ್ಮ ಕಾಲದಲ್ಲಿ ಹುಟ್ಟಿದವು ಎಂದು ಹಲವರು ತಿಳಿದಿದ್ದಾರೆ. ವಿಜ್ಞಾನ ಬಂದ ಮೇಲೆ ಧರ್ಮಕ್ಕೆ ಸಂಕಟ ಶುರುವಾಯಿತು, ಅದಕ್ಕೆ ಮೊದಲು ಜನ ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪುತ್ತಿದ್ದರು ಎಂಬುದು ಅವರ ಎಣಿಕೆ. ಇತಿಹಾಸ ಹೇಳುವುದು ಬೇರೆ. ಈ ಪ್ರಶ್ನೆಗಳು ಅತ್ಯಂತ ನಿಷ್ಠುರವಾಗಿ, ಅತ್ಯಂತ ಶಿಸ್ತಿನಿಂದ ಚರ್ಚೆಯಾದದ್ದು ಮಧ್ಯಯುಗದಲ್ಲಿ. ಪ್ಯಾರಿಸ್ಸಿನ ಪಾಠಶಾಲೆಗಳಲ್ಲಿ ಎಷ್ಟೋ, ಕನ್ನಡ ನೆಲದ ಬಸದಿ, ಮಠ, ಅಗ್ರಹಾರಗಳಲ್ಲೂ ಅಷ್ಟೇ.

ಬೆಳಗಾವಿಯ ಶಹಾಪುರದವರಿಗೆ ಇದರ ಸಾಕ್ಷಿ ದೂರವಿಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದನೆಂದು ಹೇಳುತ್ತಾರೆ. ಅವನು ಕಟ್ಟಿಸಿದ ಜಿನಾಲಯಕ್ಕೆ 1204ರಲ್ಲಿ ದತ್ತಿ ಬಿಟ್ಟುದನ್ನು ತಿಳಿಸುವ ಬೆಳಗಾವಿಯ ಎರಡು ಕನ್ನಡ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅದೇ 1204ರಲ್ಲಿ, ಯೆಹೂದಿ ಧರ್ಮಶಾಸ್ತ್ರವನ್ನೂ ಅರಿಸ್ಟಾಟಲನ ತರ್ಕವನ್ನೂ ಒಂದುಗೂಡಿಸಲು ಶ್ರಮಿಸಿದ ಮೈಮೋನಿಡೀಸ್ ಈಜಿಪ್ಟಿನಲ್ಲಿ ತೀರಿಕೊಂಡರು. ಆರು ವರ್ಷ ಕಳೆದು 1210ರಲ್ಲಿ, ಪ್ಯಾರಿಸ್ಸಿನಲ್ಲಿ ಅರಿಸ್ಟಾಟಲನ ಪ್ರಕೃತಿ ಗ್ರಂಥಗಳನ್ನು ಪಾಠ ಹೇಳಬಾರದೆಂದು ಚರ್ಚಿನ ಅಧಿಕಾರಿಗಳು ನಿಷೇಧ ಹಾಕಿದರು. 1255ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಗ್ರಂಥಗಳು ಕಡ್ಡಾಯ ಪಠ್ಯವಾದವು. ಈ 45 ವರ್ಷಗಳಲ್ಲಿ ಯುರೋಪಿನಲ್ಲಿ ನಡೆದ ಬೌದ್ಧಿಕ ಹೋರಾಟಕ್ಕೆ ಹೋಲುವಂಥದ್ದು ನಮ್ಮಲ್ಲಿ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು, ಅದರ ನಂತರವೂ ಮುಂದುವರಿಯಿತು.

ಎರಡೂ ಕಡೆಯ ಚರ್ಚೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾಲ್ಕು ಪ್ರಶ್ನೆಗಳು ಎದ್ದು ಕಾಣುತ್ತವೆ. ಯಾರ ಮಾತನ್ನು ನಂಬಬೇಕು? ಬರಿಯ ತರ್ಕದಿಂದ ದೇವರನ್ನು ತಲುಪಬಹುದೇ? ಶಾಸ್ತ್ರವೂ ಕಣ್ಣೆದುರಿನ ಸತ್ಯವೂ ಎದುರುಬದುರಾದರೆ ಯಾವುದು ಮಣಿಯಬೇಕು? ತರ್ಕ ಎಲ್ಲಿ ನಿಲ್ಲಬೇಕು? ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ. ನಾನು ಮುಂದಿಡುವ ನಿಲುವು ಇಷ್ಟು: ಮಧ್ಯಯುಗದ ನಂಬಿಕೆ ಬದುಕಿ ಬೆಳೆದದ್ದು ತರ್ಕವನ್ನು ಸೋಲಿಸಿದ್ದರಿಂದಲೂ ಅಲ್ಲ, ತರ್ಕಕ್ಕೆ ಶರಣಾದದ್ದರಿಂದಲೂ ಅಲ್ಲ. ಎದುರಾಳಿಯ ಅತ್ಯಂತ ಬಲವಾದ ವಾದವನ್ನು ಮೊದಲು ತಾನೇ ಹೇಳುವ ಶಿಸ್ತು ಅದನ್ನು ಬೆಳೆಸಿತು.

ಯಾರ ಮಾತನ್ನು ನಂಬಬೇಕು?

ಖಾನಾಪುರ ತಾಲ್ಲೂಕಿನ ಹಲಸಿ ಐದನೆಯ ಶತಮಾನದಲ್ಲಿ ಪಲಾಶಿಕಾ ಎಂಬ ಹೆಸರಿನ ಕದಂಬ ಪಟ್ಟಣ. ಕದಂಬ ದೊರೆ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಅಲ್ಲಿ ಜಿನಾಲಯ ಕಟ್ಟಿಸಿ ಭೂಮಿ ಬಿಟ್ಟ ವಿವರ ತಾಮ್ರಪಟದಲ್ಲಿದೆ. ಆ ದತ್ತಿ ಸಂದದ್ದು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡಗಳಿಗೆ. ತಮ್ಮತಮ್ಮಲ್ಲೇ ಭಿನ್ನಮತವಿದ್ದ ಮೂವರಿಗೂ ಒಂದೇ ಊರಿನಲ್ಲಿ ನೆಲೆ ಸಿಕ್ಕಿತ್ತು. ವಾದ ಬೆಳೆಯಬೇಕಾದರೆ ಮೊದಲು ವಾದಿ ಮತ್ತು ಪ್ರತಿವಾದಿ ಇಬ್ಬರೂ ಬದುಕಿರಬೇಕು. ಹಲಸಿಯ ತಾಮ್ರಪಟ ಹೇಳುವ ಮೊದಲ ಪಾಠ ಅದು.

ಈ ಜೈನ ಪರಂಪರೆಯ ದೊಡ್ಡ ತಾರ್ಕಿಕ ಸಮಂತಭದ್ರ. ಕನ್ನಡದ ಜೈನ ಕವಿಗಳು ತಮ್ಮ ಕಾವ್ಯಗಳ ಆರಂಭದಲ್ಲಿ ಭಕ್ತಿಯಿಂದ ನೆನೆಯುವ ಹೆಸರು. ಅವನ ‘ಆಪ್ತಮೀಮಾಂಸೆ’ ಸ್ತೋತ್ರದ ರೂಪದಲ್ಲಿದೆ. ಆದರೆ ಅದರ ಆರಂಭ ಯಾವ ಭಕ್ತನೂ ಊಹಿಸದಂಥದ್ದು. ದೇವತೆಗಳು ನಿನ್ನ ಬಳಿಗೆ ಬರುತ್ತಾರೆ, ನೀನು ಆಕಾಶದಲ್ಲಿ ನಡೆಯುತ್ತೀಯೆ, ನಿನಗೆ ಚಾಮರ ಬೀಸುತ್ತಾರೆ ಎಂಬ ಕಾರಣಕ್ಕೆ ನೀನು ನಮಗೆ ದೊಡ್ಡವನಲ್ಲ, ಅಂಥ ವೈಭವ ಮಾಯಾವಿಗಳಲ್ಲೂ ಕಾಣುತ್ತದೆ ಎಂದು ಅವನು ಜಿನನಿಗೇ ಹೇಳುತ್ತಾನೆ. ನಿನ್ನ ಮಾತು ಯುಕ್ತಿಗೂ ಆಗಮಕ್ಕೂ ವಿರೋಧವಾಗದೆ ನಿಲ್ಲುವುದರಿಂದ ನೀನು ನಂಬಿಕೆಗೆ ಅರ್ಹ ಎಂಬುದು ಅವನು ಕೊಡುವ ಕಾರಣ. ಪವಾಡ ಸಾಕ್ಷಿಯಾಗಲಾರದು, ಪರೀಕ್ಷೆಗೆ ನಿಂತ ಮಾತು ಮಾತ್ರ ಸಾಕ್ಷಿ. ನೂರಹದಿನೈದರ ಆಸುಪಾಸಿನ ಶ್ಲೋಕಗಳ ಈ ಪುಟ್ಟ ಕೃತಿಗೆ ಎಂಟನೆಯ ಶತಮಾನದಲ್ಲಿ ಅಕಲಂಕ ‘ಅಷ್ಟಶತೀ’ ಬರೆದ. ಅದರ ಮೇಲೆ ವಿದ್ಯಾನಂದ ‘ಅಷ್ಟಸಹಸ್ರೀ’ ಕಟ್ಟಿದ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರನನ್ನೂ ಅಕಲಂಕನನ್ನೂ ಸ್ಮರಿಸುವುದು ವಾದಸಭೆಗಳನ್ನು ಗೆದ್ದ ವೀರರೆಂದು.

ಇದೇ ಪ್ರಶ್ನೆಗೆ ಉಡುಪಿಯ ಮಧ್ವಾಚಾರ್ಯರ ಉತ್ತರ ಬೇರೆ. ವ್ಯಕ್ತಿ ಎಷ್ಟೇ ದೊಡ್ಡವನಾದರೂ ಅವನು ತಪ್ಪಬಹುದು, ಮೋಸ ಮಾಡಬಹುದು. ಆದ್ದರಿಂದ ಯಾವ ಕರ್ತೃವೂ ಇಲ್ಲದ ವೇದವೇ ನಂಬಿಕೆಗೆ ಗಟ್ಟಿ ನೆಲ ಎಂಬುದು ಅವರು ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಬೆಳೆಸುವ ವಾದ. ಜೈನರದು ನಂಬಲರ್ಹ ವ್ಯಕ್ತಿಯ ಹುಡುಕಾಟ, ವೈದಿಕರದು ವ್ಯಕ್ತಿಯೇ ಇಲ್ಲದ ಪ್ರಮಾಣದ ಹುಡುಕಾಟ. ಉತ್ತರಗಳು ತದ್ವಿರುದ್ಧವಾಗಿದ್ದರೂ ಏಕೆ ನಂಬಬೇಕು ಎಂದು ಕೇಳುವ ಹಕ್ಕನ್ನು ಇಬ್ಬರೂ ಒಪ್ಪಿಕೊಂಡಿದ್ದಾರೆ.

ಕ್ಯಾಥೊಲಿಕ್ ದೇವಶಾಸ್ತ್ರದಲ್ಲಿ ಈ ಸ್ಥಾನ ಬೈಬಲಿಗೂ ಚರ್ಚಿನ ಪರಂಪರೆಗೂ ಸಲ್ಲುತ್ತದೆ. ಸಂತ ತೋಮಸ್ ಅಕ್ವಿನಾಸ್ (1225–1274) ಪವಾಡಗಳನ್ನು ನಂಬಿಕೆಗೆ ಪೋಷಕ ಸಾಕ್ಷಿಯಾಗಿ ಒಪ್ಪುತ್ತಾರೆ. ಇಲ್ಲಿ ಅವರು ಸಮಂತಭದ್ರನಿಂದ ದೂರ. ಆದರೆ ಒಂದು ಮುಖ್ಯ ಅಂಶದಲ್ಲಿ ಅವರು ನಮ್ಮ ವಾದಶಾಸ್ತ್ರಕ್ಕೆ ಬಹಳ ಹತ್ತಿರ ಬರುತ್ತಾರೆ. ಯೆಹೂದಿಗಳೊಡನೆ ವಾದಿಸುವಾಗ ಹಳೆಯ ಒಡಂಬಡಿಕೆಯನ್ನು ಆಧಾರವಾಗಿ ಹಿಡಿಯಬಹುದು, ಬೈಬಲನ್ನೇ ಒಪ್ಪದವರೊಡನೆ ವಾದಿಸುವಾಗ ಎಲ್ಲರಿಗೂ ಸಮಾನವಾದ ಬುದ್ಧಿಯನ್ನೇ ಆಧಾರ ಮಾಡಿಕೊಳ್ಳಬೇಕು ಎಂದು ‘ಸುಮ್ಮಾ ಕೊಂತ್ರಾ ಜೆಂತಿಲೆಸ್’ ಗ್ರಂಥದ ಆರಂಭದಲ್ಲೇ ಅವರು ನಿಯಮ ಹಾಕಿಕೊಂಡರು. ಉಭಯರಿಗೂ ಸಮ್ಮತವಾದ ಪ್ರಮಾಣದ ಮೇಲೆ ಮಾತ್ರ ವಾದ ನಿಲ್ಲಬೇಕೆಂಬ ನಮ್ಮ ನಿಯಮವೂ ಇದೇ.

ಈ ನಿಯಮ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಉದಾಹರಣೆ. ಸುಮಾರು 1200ರ ಆ ಶಾಸನದ ಪ್ರಕಾರ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತನ್ನ ತಲೆಯನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದ. ಆಮೇಲೆ ಜಿನಬಿಂಬವನ್ನು ಒಡೆದ. ದೂರು ದೊರೆ ಬಿಜ್ಜಳನ ಆಸ್ಥಾನಕ್ಕೆ ಹೋಗಿ ರಾಮಯ್ಯನಿಗೇ ಜಯಪತ್ರ ಸಿಕ್ಕಿತು. ಪವಾಡವನ್ನೇ ಪ್ರಮಾಣ ಮಾಡಿದ ಈ ಕಥೆಯಲ್ಲಿ ಸೋತವರಿಗೆ ಉತ್ತರ ಹೇಳುವ ಅವಕಾಶವೇ ಇಲ್ಲ. ಯುರೋಪಿನಲ್ಲೂ ಹಾಗೆಯೇ. 1240ರಲ್ಲಿ ಪ್ಯಾರಿಸ್ಸಿನಲ್ಲಿ ತಾಲ್ಮೂದ್ ಗ್ರಂಥದ ಮೇಲೆ ಯೆಹೂದಿ ರಬ್ಬಿಗಳನ್ನು ಕರೆಸಿ ವಿಚಾರಣೆ ನಡೆಸಿದರು. ಅದು ಹೆಸರಿಗೆ ಮಾತ್ರ ವಾದ. ಅದರ ಬೆನ್ನಿಗೇ ಬಂಡಿಗಟ್ಟಲೆ ತಾಲ್ಮೂದ್ ಹಸ್ತಪ್ರತಿಗಳನ್ನು ಸುಟ್ಟರು. ಅಕ್ವಿನಾಸ್ ಬಾಳಿದ ಶತಮಾನವೇ ಚರ್ಚಿನ ಮತದ್ರೋಹ ವಿಚಾರಣೆಯಾದ ಇನ್‌ಕ್ವಿಸಿಷನ್ ನೆಲೆಗೊಂಡ ಶತಮಾನ. ಈ ಕತ್ತಲನ್ನು ಮರೆಮಾಚಿ ಆ ಯುಗವನ್ನು ಹೊಗಳಿದರೆ ನಾವು ಆ ಯುಗದ ತಾರ್ಕಿಕರಿಗೇ ಅನ್ಯಾಯ ಮಾಡಿದಂತೆ.

ತರ್ಕದಿಂದ ದೇವರನ್ನು ತಲುಪಬಹುದೇ?

1077ರ ಸುಮಾರಿಗೆ ಉತ್ತರ ಫ್ರಾನ್ಸಿನ ಬೆಕ್ ಮಠದ ಸನ್ಯಾಸಿ ಆನ್ಸೆಲ್ಮ್ ‘ಪ್ರೊಸ್ಲೊಗಿಯನ್’ ಎಂಬ ಕಿರುಗ್ರಂಥ ಬರೆದರು. ದೇವರು ಎಂದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಲಾಗದಂಥದ್ದು. ಅಂಥದ್ದು ಬರಿಯ ಯೋಚನೆಯಲ್ಲಿದ್ದು ವಾಸ್ತವದಲ್ಲಿ ಇಲ್ಲದಿದ್ದರೆ, ವಾಸ್ತವದಲ್ಲೂ ಇರುವ ಇನ್ನೊಂದು ಅದಕ್ಕಿಂತ ದೊಡ್ಡದಾಗಿಬಿಡುತ್ತದೆ. ಆದ್ದರಿಂದ ದೇವರು ಇರಲೇಬೇಕು ಎಂಬುದು ಅವರ ವಾದ. ಗೌನಿಲೊ ಎಂಬ ಇನ್ನೊಬ್ಬ ಸನ್ಯಾಸಿ ಅದನ್ನು ಒಪ್ಪಲಿಲ್ಲ. ಇದೇ ದಾರಿಯಲ್ಲಿ ಹೋದರೆ ಅತ್ಯುತ್ತಮವಾದ ಒಂದು ದ್ವೀಪವೂ ಎಲ್ಲೋ ಇರಲೇಬೇಕಾಗುತ್ತದಲ್ಲ ಎಂದು, ದೇವರಿಲ್ಲವೆನ್ನುವವನ ಪರವಾಗಿ ಅವರು ಪ್ರಶ್ನಿಸಿದರು. ಆನ್ಸೆಲ್ಮ್ ಉತ್ತರ ಬರೆದರು. ಬರೆದು, ಇನ್ನು ಮುಂದೆ ತಮ್ಮ ಗ್ರಂಥದ ಪ್ರತಿ ಮಾಡುವವರೆಲ್ಲ ಗೌನಿಲೊನ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಜೊತೆಗೇ ಪ್ರತಿ ಮಾಡಬೇಕೆಂದು ಬಯಸಿದರು. ತನ್ನ ಎದುರಾಳಿಯನ್ನು ತನ್ನ ಪುಸ್ತಕದೊಳಗೇ ಕೂರಿಸಿಕೊಂಡ ಈ ಒಂದು ನಡೆ ಆ ಯುಗದ ಒಳಗಿನ ಬೆಳಕನ್ನು ತೋರಿಸುತ್ತದೆ.

ಅಕ್ವಿನಾಸರು ಆನ್ಸೆಲ್ಮರ ವಾದವನ್ನು ಒಪ್ಪಲಿಲ್ಲ. ದೇವರ ಅರ್ಥದಿಂದ ಹೊರಟು ಅವನ ಇರವನ್ನು ಸಾಧಿಸಲಾಗದು, ಲೋಕದಲ್ಲಿ ಕಾಣುವ ಚಲನೆ, ಕಾರಣ, ಕ್ರಮ ಇವುಗಳಿಂದ ಹೊರಡಬೇಕು ಎಂದು ಅವರು ಐದು ದಾರಿಗಳನ್ನು ತೋರಿಸಿದರು. ಆ ಐದು ದಾರಿಗಳಿಗಿಂತ ಮೊದಲು ಅದೇ ಪುಟದಲ್ಲಿ ಅವರು ಬರೆದದ್ದು ದೇವರಿಲ್ಲವೆಂಬುದಕ್ಕೆ ಎರಡು ವಾದಗಳನ್ನು. ಲೋಕದಲ್ಲಿ ಕೇಡು ಇದೆಯಾದ್ದರಿಂದ ಅನಂತ ಒಳ್ಳೆಯತನದ ದೇವರು ಇರಲಾರ ಎಂಬುದು ಒಂದು. ಪ್ರಕೃತಿ ಮತ್ತು ಮನುಷ್ಯನ ಇಚ್ಛೆ ಇವೆರಡರಿಂದಲೇ ಎಲ್ಲವನ್ನೂ ವಿವರಿಸಬಹುದಾದ್ದರಿಂದ ದೇವರ ಅಗತ್ಯವಿಲ್ಲ ಎಂಬುದು ಇನ್ನೊಂದು. ಇಂದಿಗೂ ನಾಸ್ತಿಕವಾದದ ಬಲವಾದ ಎರಡು ಕಂಬಗಳು ಇವೇ. ಅವುಗಳನ್ನು ಅಷ್ಟು ಸ್ಪಷ್ಟವಾಗಿ ಬರೆದಿಟ್ಟವರು ಚರ್ಚಿನ ಸಂತ.

ನಮ್ಮಲ್ಲಿ ಈ ದಾರಿ ಹಿಡಿದವರು ನೈಯಾಯಿಕರು. ಮಿಥಿಲೆಯ ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ ಈಶ್ವರನ ಇರವಿಗೆ ಅನುಮಾನದ ಸಾಲುಸಾಲು ಸಾಧನಗಳನ್ನು ಕೊಡುತ್ತದೆ. ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವಿರಬೇಕು ಎಂಬುದು ಅವುಗಳಲ್ಲಿ ಪ್ರಸಿದ್ಧ. ಈ ಬಗೆಯ ವಾದಕ್ಕೆ ಪ್ರಬಲವಾದ ಆಕ್ಷೇಪ ಕನ್ನಡ ನೆಲದ ನಂಟಿದ್ದವರಿಂದಲೇ ಬಂತು, ಎರಡು ದಿಕ್ಕುಗಳಿಂದ. ಒಂದು ಜೈನರಿಂದ. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನೆಂಬ ಕಲ್ಪನೆಯನ್ನು ಒಂದೊಂದೇ ಪ್ರಶ್ನೆಯಿಂದ ಅಲುಗಿಸುತ್ತಾರೆ. ಸೃಷ್ಟಿಗೆ ಮೊದಲು ಅವನು ಎಲ್ಲಿ ನಿಂತಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಕರುಣೆಯಿಂದ ಮಾಡಿದನಾದರೆ ದುಃಖವೇಕೆ? ಆಟಕ್ಕೆ ಮಾಡಿದನಾದರೆ ಅವನು ಪೂರ್ಣನು ಹೇಗೆ? ಈ ಆದಿಪುರಾಣದ ಕಥೆಯನ್ನೇ ಪಂಪ 941ರಲ್ಲಿ ಕನ್ನಡಕ್ಕೆ ತಂದ.

ಇನ್ನೊಂದು ಆಕ್ಷೇಪ ಬಂದದ್ದು ದೇವರಲ್ಲಿ ಮುಳುಗಿದ ಭಕ್ತರಿಂದಲೇ. ಮೇಲುಕೋಟೆಯನ್ನು ಕರ್ಮಭೂಮಿ ಮಾಡಿಕೊಂಡ ರಾಮಾನುಜಾಚಾರ್ಯರು ‘ಶ್ರೀಭಾಷ್ಯ’ದಲ್ಲಿ ಈ ಕರ್ತೃವಾದವನ್ನು ಬಿಚ್ಚಿ ತೋರಿಸುತ್ತಾರೆ. ಇಡೀ ಜಗತ್ತು ಒಂದೇ ಸಲ, ಒಬ್ಬನಿಂದಲೇ ಆಯಿತೆಂಬುದಕ್ಕೆ ಏನು ಸಾಕ್ಷಿ? ನಾವು ಕಾಣುವ ಕರ್ತೃಗಳೆಲ್ಲ ಶರೀರವುಳ್ಳವರು, ಮಿತಿಯುಳ್ಳವರು. ಅದೇ ನಿಯಮದಿಂದ ಹೊರಟರೆ ಸಿಗುವವನು ಮಿತಿಯುಳ್ಳ ದೇವರಲ್ಲವೇ? ಹೀಗೆ ಅನುಮಾನದ ಬಾಗಿಲು ಮುಚ್ಚಿ, ಬ್ರಹ್ಮನನ್ನು ಶಾಸ್ತ್ರದಿಂದ ಮಾತ್ರ ಅರಿಯಬೇಕು ಎಂದು ಅವರು ನಿಲ್ಲುತ್ತಾರೆ. ವಿಷ್ಣುಭಕ್ತಿಯ ಮಹಾಚಾರ್ಯರೊಬ್ಬರು ದೇವರ ಇರವಿಗೆ ಇತರರು ಕೊಟ್ಟ ಸಾಧನೆಗಳನ್ನೇ ಕೆಡವುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಅದರಲ್ಲಿ ಆಳವಾದ ಪ್ರಾಮಾಣಿಕತೆಯಿದೆ. ಅಕ್ವಿನಾಸರಿಗೂ ಅದೇ ಎಚ್ಚರವಿತ್ತು. ತ್ರಯೇಕ ದೇವರ ರಹಸ್ಯವನ್ನಾಗಲಿ, ಜಗತ್ತಿಗೆ ಆರಂಭವಿದೆ ಎಂಬುದನ್ನಾಗಲಿ ಬುದ್ಧಿಯಿಂದ ಸಾಧಿಸಹೊರಡಬಾರದು, ದುರ್ಬಲ ವಾದ ಮುಂದಿಟ್ಟರೆ ನಂಬದವರು ನಗುತ್ತಾರೆ, ನಮ್ಮ ನಂಬಿಕೆ ಅಂಥ ವಾದಗಳ ಮೇಲೆ ನಿಂತಿದೆಯೆಂದುಕೊಳ್ಳುತ್ತಾರೆ ಎಂದು ಅವರು ಎಚ್ಚರಿಸಿದರು. ನಂಬುವವರೇ ತಮ್ಮ ನಂಬಿಕೆಯ ಸಾಧನೆಗಳಿಗೆ ಕಟ್ಟುನಿಟ್ಟಿನ ಪರೀಕ್ಷಕರಾಗಿದ್ದರು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿಯಾಗಿ ಹಿಡಿದಿಡುವ ಸಂಗತಿ ಇದು.

ಶಾಸ್ತ್ರ ಮತ್ತು ಪ್ರತ್ಯಕ್ಷ ಎದುರುಬದುರಾದಾಗ

ಶಂಕರಾಚಾರ್ಯರು ತರ್ಕಕ್ಕೆ ನೆಲೆ ಸಾಲದೆಂದು ಬಲವಾಗಿ ಹೇಳಿದವರು. ಒಬ್ಬ ಬುದ್ಧಿವಂತ ಕಟ್ಟಿದ ತರ್ಕವನ್ನು ಅವನಿಗಿಂತ ಬುದ್ಧಿವಂತ ಬೀಳಿಸುತ್ತಾನೆ, ಅದಕ್ಕೆ ಕೊನೆಯಿಲ್ಲ ಎಂಬುದು ಅವರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಡುವ ಕಾರಣ. ಅದೇ ಶಂಕರರು ಗೀತಾಭಾಷ್ಯದಲ್ಲಿ ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿವಾಕ್ಯಗಳು ಹೇಳಿದರೂ ಅದು ಪ್ರಮಾಣವಾಗದೆಂದೂ ಹೇಳುತ್ತಾರೆ. ಎರಡರಲ್ಲಿ ವಿರೋಧವಿಲ್ಲ. ಪ್ರತ್ಯಕ್ಷದ ಕ್ಷೇತ್ರದಲ್ಲಿ ಶ್ರುತಿ ಕೈಹಾಕುವುದಿಲ್ಲ, ಶ್ರುತಿಯ ಕ್ಷೇತ್ರದಲ್ಲಿ ಒಣತರ್ಕ ಕೈಹಾಕುವುದಿಲ್ಲ ಎಂಬ ಗಡಿಗೆರೆ ಅದು.

ಮಧ್ವಾಚಾರ್ಯರು (ಹೆಚ್ಚಿನವರು ಒಪ್ಪುವ ಕಾಲ 1238–1317) ಈ ಗಡಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅಕ್ವಿನಾಸ್ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ ದಶಕಗಳೂ ಅವರ ಬಾಳಿನ ದಶಕಗಳೂ ಒಂದರೊಳಗೊಂದು ಸೇರಿಕೊಂಡಿವೆ. ಶಾಸ್ತ್ರವು ತನ್ನ ಅರ್ಥಕ್ಕಾಗಿ ಯಾವ ಪ್ರಮಾಣವನ್ನು ಆಶ್ರಯಿಸುತ್ತದೆಯೋ ಆ ಆಶ್ರಯವನ್ನೇ ಅದು ಕೆಡವಲಾರದು ಎಂಬುದು ಅವರ ಸಿದ್ಧಾಂತದ ಬೆನ್ನೆಲುಬು. ಇದಕ್ಕೆ ಅವರ ಪರಂಪರೆಯಲ್ಲಿ ಉಪಜೀವ್ಯ ವಿರೋಧ ಎನ್ನುತ್ತಾರೆ. ನಾನು ದೇವರಲ್ಲ, ನನಗೆ ದುಃಖವಿದೆ, ನನ್ನ ಅರಿವಿಗೆ ಮಿತಿಯಿದೆ ಎಂದು ಪ್ರತಿಯೊಬ್ಬನ ಒಳಗಿನ ಸಾಕ್ಷಿಯೇ ಹೇಳುವಾಗ, ಜೀವ ಮತ್ತು ಬ್ರಹ್ಮ ಒಂದೇ ಎಂಬಂತೆ ಕಾಣುವ ಶ್ರುತಿವಾಕ್ಯವನ್ನು ಆ ಅನುಭವಕ್ಕೆ ಹೊಂದುವಂತೆ ಅರ್ಥಮಾಡಬೇಕು. ಶ್ರುತಿಯನ್ನು ಪರಮ ಪ್ರಮಾಣವೆಂದವರೇ ಶ್ರುತಿಯ ಅರ್ಥವನ್ನು ಸಾಮಾನ್ಯನ ಅನುಭವದ ಒರೆಗೆ ಹಚ್ಚಿದರು. ಮಳಖೇಡದ ಜಯತೀರ್ಥರ ‘ನ್ಯಾಯಸುಧಾ’ ಇದಕ್ಕೆ ಖಚಿತ ರೂಪ ಕೊಟ್ಟಿತು.

ಪ್ಯಾರಿಸ್ಸಿನಲ್ಲಿ ಇದೇ ಪ್ರಶ್ನೆ ಬಂದದ್ದು ಅರಿಸ್ಟಾಟಲನ ರೂಪದಲ್ಲಿ. ಗ್ರೀಕ್ ಗ್ರಂಥಗಳು ಅರಬ್ಬೀ ಭಾಷ್ಯಗಳೊಡನೆ ಸ್ಪೇನಿನ ಟೊಲೆಡೊ ಪಟ್ಟಣದ ಮೂಲಕ ಲ್ಯಾಟಿನ್ನಿಗೆ ಬಂದವು. ಕಾರ್ಡೋಬಾದ ಇಬ್ನ್ ರುಶ್ದ್ (1126–1198), ಕುರಾನು ಸ್ವತಃ ಬುದ್ಧಿಯ ಬಳಕೆಗೆ ಕರೆಕೊಡುತ್ತದೆ, ಸಿದ್ಧವಾದ ಸತ್ಯಕ್ಕೆ ಶಾಸ್ತ್ರದ ಹೊರ ಅರ್ಥ ವಿರೋಧವಾದರೆ ಒಳ ಅರ್ಥವನ್ನು ಹುಡುಕಬೇಕು ಎಂದು ವಾದಿಸಿದ್ದರು. ಜಗತ್ತಿಗೆ ಆರಂಭವೇ ಇಲ್ಲ ಎಂಬ ಅರಿಸ್ಟಾಟಲನ ನಿಲುವು ಚರ್ಚಿಗೆ ನುಂಗಲಾಗದ ತುತ್ತಾಯಿತು. ಸಿಗರ್ ಮುಂತಾದ ಉಪಾಧ್ಯಾಯರು ತತ್ತ್ವಶಾಸ್ತ್ರದ ತೀರ್ಮಾನಗಳನ್ನು ನಂಬಿಕೆಗೆ ಹೊಂದಿಸುವ ಗೋಜಿಗೆ ಹೋಗದೆ ಹಾಗೆಯೇ ಪಾಠ ಹೇಳಿದರು. ಅಕ್ವಿನಾಸ್ ಮಧ್ಯದ ದಾರಿ ಹಿಡಿದರು: ಜಗತ್ತಿಗೆ ಆರಂಭವಿದೆ ಎಂದು ನಂಬಿಕೆ ಹೇಳುತ್ತದೆ, ಇಲ್ಲವೆಂದು ಬುದ್ಧಿ ಸಾಧಿಸಲಾರದು, ಇದೆಯೆಂದೂ ಸಾಧಿಸಲಾರದು. ಸತ್ಯಕ್ಕೆ ಮೂಲ ಒಂದೇ ಆದ್ದರಿಂದ ಕೊನೆಗೆ ಎರಡು ಸತ್ಯಗಳು ಜಗಳವಾಡಲಾರವು, ಜಗಳ ಕಂಡರೆ ತರ್ಕವೋ ವ್ಯಾಖ್ಯಾನವೋ ಎಲ್ಲೋ ತಪ್ಪಿರಬೇಕು ಎಂಬುದು ಅವರ ದೃಢ ನಂಬಿಕೆ.

ಆ ಕಾಲ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ತೀರಿಕೊಂಡು ಸರಿಯಾಗಿ ಮೂರು ವರ್ಷಕ್ಕೆ, 1277ರ ಮಾರ್ಚ್ 7ರಂದು, ಪ್ಯಾರಿಸ್ಸಿನ ಬಿಷಪ್ ತಾಂಪಿಯೆ 219 ಹೇಳಿಕೆಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ಅಕ್ವಿನಾಸರ ವಿಚಾರಗಳಿಗೂ ತಾಗಿದವು. 1323ರಲ್ಲಿ ಪೋಪ್ ಅವರನ್ನು ಸಂತರೆಂದು ಘೋಷಿಸಿದ ಮೇಲೆ, 1325ರಲ್ಲಿ ಪ್ಯಾರಿಸ್ಸಿನ ಬಿಷಪರೇ ಅವರಿಗೆ ತಾಗಿದಷ್ಟು ಭಾಗವನ್ನು ಹಿಂತೆಗೆದುಕೊಂಡರು. ಇಂದು ಕ್ಯಾಥೊಲಿಕ್ ದೇವಶಾಸ್ತ್ರದ ಅಧಿಕೃತ ದಾರಿಯಂತೆ ಕಾಣುವುದು ಒಂದು ಕಾಲದಲ್ಲಿ ಅನುಮಾನಕ್ಕೆ ಗುರಿಯಾದ ಸಾಹಸವಾಗಿತ್ತು.

ತರ್ಕ ಎಲ್ಲಿ ನಿಲ್ಲಬೇಕು?

ಖಾನಾಪುರ ತಾಲ್ಲೂಕಿನ ಕಕ್ಕೇರಿ ಡೋಹರ ಕಕ್ಕಯ್ಯನವರ ನೆನಪಿನ ಊರು. ಕಲ್ಯಾಣದ ಕ್ರಾಂತಿಯ ನಂತರ ಉಳವಿಯತ್ತ ಹೊರಟ ಶರಣರ ದಾರಿ ಈ ಸೀಮೆಯಲ್ಲೇ ಹಾದುಹೋಯಿತೆಂದು ಪರಂಪರೆ ಹೇಳುತ್ತದೆ. ಚರ್ಮ ಹದಮಾಡುವ ಕುಲದಿಂದ ಬಂದ ಕಕ್ಕಯ್ಯನವರನ್ನು ಇಲ್ಲಿ ನೆನೆಯಲು ಕಾರಣವಿದೆ. ಇದುವರೆಗೆ ಹೇಳಿದ ಚರ್ಚೆಗಳಲ್ಲಿ ಬಹುಪಾಲು ನಡೆದದ್ದು ಸಂಸ್ಕೃತದಲ್ಲಿ, ಇಲ್ಲವೇ ಲ್ಯಾಟಿನ್ನಿನಲ್ಲಿ. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಶೂದ್ರರಿಗೆ ವೇದವಿದ್ಯೆಯ ಅಧಿಕಾರವಿಲ್ಲವೆಂಬ ವಿಷಯದಲ್ಲಿ ಶಂಕರ, ರಾಮಾನುಜ, ಮಧ್ವ ಮೂವರ ಭಾಷ್ಯಗಳೂ ಒಂದಾಗುತ್ತವೆ. ಹೆಂಗಸರಿಗೆ ಮೋಕ್ಷವಿದೆಯೇ ಎಂಬ ಬಗ್ಗೆ ಅಮೋಘವರ್ಷನ ಕಾಲದ ಯಾಪನೀಯ ವಿದ್ವಾಂಸ ಶಾಕಟಾಯನ ಇದೆಯೆಂದು ಇಡೀ ಒಂದು ಪ್ರಕರಣ ಬರೆದ. ಪ್ರಭಾಚಂದ್ರನಂಥ ದಿಗಂಬರ ತಾರ್ಕಿಕರು ಇಲ್ಲವೆಂದು ಉತ್ತರಿಸಿದರು. ಆ ಅಪೂರ್ವ ವಾದದಲ್ಲೂ ಮಾತಾಡಿದವರು ಗಂಡಸರೇ.

ಶರಣರು ಈ ಗೋಡೆಯನ್ನು ಒಡೆದರು. ವೇದ, ಶಾಸ್ತ್ರ, ತರ್ಕ ಮೂರನ್ನೂ ಅನುಭಾವದ ಮುಂದೆ ನಿಲ್ಲಿಸಿ ಪ್ರಶ್ನಿಸಿದರು. ಅನುಭಾವಕ್ಕೆ ಪರೀಕ್ಷೆಯೇ ಬೇಡವೆಂದು ಅವರು ಹೇಳಿದರೆಂದುಕೊಳ್ಳಬಾರದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದ, ಆಮೇಲೆ ಬೇರೆಬೇರೆಯವರು ಬೆಳೆಸಿದ ‘ಶೂನ್ಯಸಂಪಾದನೆ’ ಆದಿಯಿಂದ ಅಂತ್ಯದವರೆಗೆ ಪ್ರಶ್ನೋತ್ತರವೇ. ಅದರಲ್ಲಿ ಅಲ್ಲಮಪ್ರಭು ಪ್ರತಿಯೊಬ್ಬರ ನಿಲುವನ್ನೂ ನಿರ್ದಾಕ್ಷಿಣ್ಯವಾಗಿ ಕೆದಕುತ್ತಾನೆ. ಸಿದ್ಧರಾಮನ ಕೆರೆಕಟ್ಟೆಯ ಸೇವೆಯನ್ನೂ ಬಿಡುವುದಿಲ್ಲ, ಅಕ್ಕಮಹಾದೇವಿಯ ವೈರಾಗ್ಯವನ್ನೂ ಬಿಡುವುದಿಲ್ಲ. ಮುಕ್ತಾಯಕ್ಕ ಅವನಿಗೇ ಎದುರು ನಿಂತು ಪ್ರಶ್ನಿಸುತ್ತಾಳೆ. ವಾದದ ಸಭೆಗೆ ಹೆಣ್ಣೂ ಕಾಯಕದವನೂ ಬಂದು ಕೂತ ಈ ಘಟ್ಟ ಕನ್ನಡದ ಸ್ವಂತ ಸಾಧನೆ.

ಯುರೋಪಿನಲ್ಲಿ ಇದಕ್ಕೆ ಹತ್ತಿರದವರು ಮೈಸ್ಟರ್ ಎಕ್‌ಹಾರ್ಟ್. ಅಕ್ವಿನಾಸರದೇ ಡೊಮಿನಿಕನ್ ಸಭೆಯವರಾದ ಅವರು ಜನರ ಜರ್ಮನ್ ನುಡಿಯಲ್ಲಿ ಆತ್ಮ ಮತ್ತು ದೇವರ ಐಕ್ಯವನ್ನು ಬೋಧಿಸಿದರು. 1329ರಲ್ಲಿ ಪೋಪ್ ಅವರ 28 ಹೇಳಿಕೆಗಳನ್ನು ಖಂಡಿಸಿದರು. ಅಕ್ವಿನಾಸರ ಕೊನೆಯೂ ಇಲ್ಲಿ ಮುಖ್ಯ. 1273ರ ಡಿಸೆಂಬರಿನಲ್ಲಿ ಪೂಜೆಯ ವೇಳೆ ಆದ ಅನುಭವದ ನಂತರ ಅವರು ತಮ್ಮ ಮಹಾಗ್ರಂಥವನ್ನು ಮುಂದುವರಿಸಲಿಲ್ಲ. ಎರಡು ಸಾವಿರದ ಆರುನೂರಕ್ಕೂ ಮಿಕ್ಕಿದ ಪ್ರಕರಣಗಳಲ್ಲಿ ವಾದ ಕಟ್ಟಿದವರು ‘ಸುಮ್ಮಾ ತಿಯೊಲೊಜಿಯಾ’ವನ್ನು ಅಪೂರ್ಣವಾಗಿಯೇ ಬಿಟ್ಟರು. ವಿಜಯನಗರದ ವ್ಯಾಸತೀರ್ಥರದು ಇನ್ನೊಂದು ಬಗೆ. ‘ತರ್ಕತಾಂಡವ’ ಬರೆದ ಆ ಮಹಾತಾರ್ಕಿಕರ ಆಸರೆಯಲ್ಲೇ ಪುರಂದರದಾಸರ, ಕನಕದಾಸರ ಕನ್ನಡ ಹಾಡುಗಳು ಬೆಳೆದವು. ತರ್ಕ ಮುಗಿದ ಮೇಲೆ ಭಕ್ತಿ ಎಂಬ ಸರದಿ ಅವರಲ್ಲಿಲ್ಲ. ಎರಡೂ ಒಂದೇ ಮಠದಲ್ಲಿ ಏಕಕಾಲಕ್ಕೆ ನಡೆದವು.

ವಿಧಾನವೇ ಸಾಧನೆ

ಇಷ್ಟೆಲ್ಲ ಉತ್ತರಗಳಲ್ಲಿ ಒಂದಕ್ಕೊಂದು ಹೊಂದುವುದು ಕಡಿಮೆ. ಜೈನರಿಗೆ ಸೃಷ್ಟಿಕರ್ತನಿಲ್ಲ, ಅಕ್ವಿನಾಸರಿಗೆ ಇದ್ದಾನೆ ಮತ್ತು ಸಾಧಿಸಬಹುದು, ರಾಮಾನುಜರಿಗೆ ಇದ್ದಾನೆ ಆದರೆ ಸಾಧಿಸಲಾಗದು. ಇವರನ್ನೆಲ್ಲ ಕಟ್ಟಿದ ದಾರ ವಿಧಾನ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಆಮೇಲೆ ಸಿದ್ಧಾಂತ. ಅಕ್ವಿನಾಸರ ಪ್ರತಿ ಪ್ರಕರಣದಲ್ಲೂ ಮೊದಲು ಆಕ್ಷೇಪಗಳು, ನಂತರ ತಮ್ಮ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಪ್ರತ್ಯೇಕ ಸಮಾಧಾನ. ಅವರಿಗಿಂತ ಒಂದು ಶತಮಾನ ಮೊದಲು ಅಬೆಲಾರ್ಡ್ ‘ಸಿಕ್ ಎತ್ ನೊನ್’ ಗ್ರಂಥದಲ್ಲಿ 158 ಪ್ರಶ್ನೆಗಳನ್ನೆತ್ತಿ, ಒಂದೊಂದರಲ್ಲೂ ಚರ್ಚಿನ ಪಿತೃಗಳ ಪರಸ್ಪರ ವಿರುದ್ಧ ಮಾತುಗಳನ್ನು ಎದುರುಬದುರು ಇಟ್ಟಿದ್ದರು. ಅವರ ಇನ್ನೊಂದು ಪುಸ್ತಕವನ್ನು 1121ರಲ್ಲಿ ಸ್ವಾಸ್ಸೊಂ ಸಭೆ ಬೆಂಕಿಗೆ ಹಾಕಿಸಿತು. ಆದರೆ ಅವರು ತೋರಿಸಿದ ರೀತಿಯನ್ನೇ ಮುಂದಿನ ಪೀಳಿಗೆಗಳು ಹಿಡಿದವು.

ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರ ಹೆಸರಿನಲ್ಲಿ ಬಂದ ‘ಸರ್ವದರ್ಶನಸಂಗ್ರಹ’ ಹದಿನಾರು ದರ್ಶನಗಳನ್ನು ವಿವರಿಸುತ್ತದೆ. ಅದರ ಮೊದಲ ಅಧ್ಯಾಯ ವೇದವನ್ನೂ ದೇವರನ್ನೂ ಒಪ್ಪದ ಚಾರ್ವಾಕರದು. ಚಾರ್ವಾಕರ ಮೂಲ ಗ್ರಂಥಗಳು ನಮಗೆ ಉಳಿದಿಲ್ಲ. ಅವರ ಮತದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರ ವಿರೋಧಿಗಳು ಬರೆದಿಟ್ಟ ಪೂರ್ವಪಕ್ಷದಿಂದಲೇ. ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನು ಎಲ್ಲ ದಿಕ್ಕುಗಳಿಂದ ಮುತ್ತಿದಾಗ, ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ಹೆಚ್ಚುಕಡಿಮೆ ಸಾಲಿಗೆ ಸಾಲಾಗಿ ಉತ್ತರ ಕೊಟ್ಟರು. ಅದಕ್ಕೆ ಮಾಧ್ವರಿಂದ ‘ತರಂಗಿಣಿ’ ಬಂತು. ಎರಡೂ ಮತಗಳು ಆ ಜಗಳದಲ್ಲಿ ಬಡವಾಗಲಿಲ್ಲ. ಎದುರಾಳಿ ಬಲವಾದಷ್ಟೂ ಉತ್ತರ ಸೂಕ್ಷ್ಮವಾಯಿತು.

ಬೆಳಗಾವಿಯ ಇತ್ತೀಚಿನ ಕೊಂಡಿಗಳು

ಈ ಪರಂಪರೆ ಬೆಳಗಾವಿಯಲ್ಲಿ ಕಡಿದುಹೋಗಿಲ್ಲ. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ (1886–1957) ಗ್ರೀಕ್ ತತ್ತ್ವವನ್ನೂ ಉಪನಿಷತ್ತುಗಳನ್ನೂ ಕನ್ನಡ, ಮರಾಠಿ ಸಂತವಾಣಿಯನ್ನೂ ಒಟ್ಟಿಗೆ ಓದಿದ ದಾರ್ಶನಿಕ. 1926ರಲ್ಲಿ ಉಪನಿಷತ್ ದರ್ಶನದ ಮೇಲಿನ ಅವರ ಸಮೀಕ್ಷಾ ಗ್ರಂಥ ಬಂತು. ಅನುಭಾವವೆಂದು ಯಾರು ಏನು ಹೇಳಿದರೂ ಒಪ್ಪುವುದಲ್ಲ, ಅದು ಸಾರ್ವತ್ರಿಕವಾಗಿದೆಯೇ, ಬುದ್ಧಿಯನ್ನು ಹರಿತ ಮಾಡುತ್ತದೆಯೇ, ನಡತೆಯನ್ನು ತಿದ್ದುತ್ತದೆಯೇ ಎಂದು ಪರೀಕ್ಷಿಸಬೇಕು ಎಂದವರು ಅವರು. ಹಿಂದವಾಡಿಯಲ್ಲಿರುವ ತೌಲನಿಕ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಕಾಡೆಮಿ ಅವರ ಕನಸಿನ ಮುಂದುವರಿಕೆ.

ಕ್ಯಾಥೊಲಿಕರ ಕೊಂಡಿಯೂ ಇಲ್ಲೇ ಇದೆ. ಸೇಂಟ್ ಪಾಲ್ಸ್ ಹೈಸ್ಕೂಲು 1856ರಷ್ಟು ಹಳೆಯದು. 1953ರಲ್ಲಿ ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಅದೇ 1953ರಲ್ಲಿ ರಿಚರ್ಡ್ ದೆ ಸ್ಮೆತ್ ಎಂಬ ಬೆಲ್ಜಿಯನ್ ಜೆಸ್ವಿಟ್ ಪಾದ್ರಿ ಶಂಕರರ ದೇವಶಾಸ್ತ್ರೀಯ ವಿಧಾನದ ಮೇಲೆ ರೋಮಿನಲ್ಲಿ ಪ್ರಬಂಧ ಮಂಡಿಸಿ, ಮುಂದೆ ಪುಣೆಯಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಶಂಕರರು ಬರಿಯ ತರ್ಕದ ದಾರ್ಶನಿಕರಲ್ಲ, ಅಕ್ವಿನಾಸರಂತೆಯೇ ಶಾಸ್ತ್ರವಾಕ್ಯದಿಂದ ಹೊರಟು ಬುದ್ಧಿಯಿಂದ ಅರ್ಥ ಬಿಡಿಸುವ ಆಚಾರ್ಯರು ಎಂಬುದು ಅವರು ತೋರಿಸಿದ ದಾರಿ. ಒಂದು ಪರಂಪರೆಯಲ್ಲಿ ಬೇರುಬಿಟ್ಟವನು ಇನ್ನೊಂದನ್ನು ಅದರ ಮಾತಿನಲ್ಲೇ ಅರಿಯಬಲ್ಲ ಎಂಬುದಕ್ಕೆ ಅವರ ಕೆಲಸ ಸಾಕ್ಷಿ. 1998ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ‘ಫಿದೆಸ್ ಎತ್ ರಾಸಿಯೊ’ ಎಂಬ ವಿಶ್ವಪತ್ರದಲ್ಲಿ ನಂಬಿಕೆ ಮತ್ತು ಬುದ್ಧಿಯ ನಂಟನ್ನು ಮತ್ತೆ ಎತ್ತಿಹಿಡಿದರು. ಭಾರತದ ದರ್ಶನಗಳೊಡನೆ ಮಾತುಕತೆಯ ಅಗತ್ಯವನ್ನೂ ಹೇಳಿದರು.

ಈ ಸಮೀಕ್ಷೆಯಿಂದ ತೆಗೆದುಕೊಳ್ಳಬೇಕಾದದ್ದು ಏನು? ನಂಬಿಕೆ ಮತ್ತು ಬುದ್ಧಿಯ ನಡುವೆ ಮಧ್ಯಯುಗ ಕೊಟ್ಟ ಯಾವ ಒಂದು ಒಪ್ಪಂದವೂ ಶಾಶ್ವತವಾಗಿ ಉಳಿಯಲಿಲ್ಲ. ಅಕ್ವಿನಾಸರ ಕಟ್ಟಡವನ್ನು ಮುಂದಿನ ಶತಮಾನದಲ್ಲಿ ಓಕಮ್‌ನ ವಿಲಿಯಂ ಪ್ರಶ್ನಿಸಿದರು. ಅಕಲಂಕನಿಗೂ ಮಧ್ವರಿಗೂ ಇಂದಿಗೂ ಪ್ರತಿವಾದಿಗಳಿದ್ದಾರೆ. ಉಳಿದದ್ದು ಆ ಶಿಸ್ತು, ಮತ್ತು ಅದು ಇಂದು ನಮಗೆ ಅಂದಿಗಿಂತ ಹೆಚ್ಚು ಬೇಕಾಗಿದೆ. ಧರ್ಮದ ಹೆಸರಿನಲ್ಲಿ ಮಾತಾಡುವವರು ಎದುರಿನವನ ಮಾತನ್ನು ಅರ್ಧಕ್ಕೇ ಕತ್ತರಿಸಿ ಹಂಚುತ್ತಾರೆ, ವಿಚಾರವಾದದ ಹೆಸರಿನಲ್ಲಿ ಮಾತಾಡುವವರೂ ಭಕ್ತನ ಅತ್ಯಂತ ದುರ್ಬಲ ಮಾತನ್ನೇ ಆರಿಸಿಕೊಂಡು ಖಂಡಿಸುತ್ತಾರೆ. ಸಮಂತಭದ್ರನಿಗಾಗಲಿ ಆನ್ಸೆಲ್ಮರಿಗಾಗಲಿ ಇದು ವಾದವೆನಿಸುತ್ತಿರಲಿಲ್ಲ.

ನಮ್ಮ ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಮಕ್ಕಳಿಗೆ ಪರ ಅಥವಾ ವಿರೋಧ ಎಂದು ಒಂದೇ ಪಕ್ಷ ಕೊಡುತ್ತೇವೆ. ಅದರ ಬದಲು ಮೊದಲು ಎದುರುಪಕ್ಷವನ್ನು ಆ ಪಕ್ಷದವರೇ ಮೆಚ್ಚುವಂತೆ ಹೇಳು, ಆಮೇಲೆ ನಿನ್ನ ಮಾತು ಹೇಳು ಎಂಬ ನಿಯಮ ಇಟ್ಟರೆ ಸಾಕು. ಬಸದಿ, ಗುಡಿ, ಮಸೀದಿ, ಚರ್ಚು ಒಂದೇ ಊರಿನಲ್ಲಿರುವ, ಎರಡು ಮೂರು ಭಾಷೆಗಳು ಒಂದೇ ಓಣಿಯಲ್ಲಿ ನಡೆಯುವ ಬೆಳಗಾವಿಗೆ ಇದಕ್ಕಿಂತ ತಕ್ಕ ಪಾಠವಿಲ್ಲ. ತನ್ನ ದೇವರನ್ನು ಗಾಢವಾಗಿ ನಂಬುವವನಿಗೆ ಎದುರಾಳಿಯ ಪೂರ್ತಿ ಮಾತು ಕೇಳುವ ಧೈರ್ಯ ಇರಲೇಬೇಕು. ಆ ಧೈರ್ಯವಿಲ್ಲದ ನಂಬಿಕೆಗೆ ಮಧ್ಯಯುಗದ ಯಾವ ಮಹಾಚಾರ್ಯನೂ, ಯಾವ ಸಂತನೂ ತನ್ನ ಹೆಸರನ್ನು ಕೊಡಲಾರ.